ಕಾಲಲ್ಲ, ಮುಖ ನೋಡಿ

ಮಲಗಿದ ಹಸುವಿನ ಮನೆಗೆ ಹೋಗುವುದೆಂದರೆ ಕೆಲಸಕ್ಕೆ ಸೇರಿದಾಗಿನಿಂದಲೂ ನನಗೆ ಕಾಲು ಹಿಂದಾಗುತ್ತದೆ. ಕೆಚ್ಚಲುಬಾವು, ಹೊಟ್ಟೆಯುಬ್ಬರ, ಅಡ್ಡ ಸಿಕ್ಕಿದ ಕರು, ಇವೆಲ್ಲ ಬೇರೆ. ಕೈ ಹಾಕಿದರೆ ಹಾಗೋ ಹೀಗೋ ಒಂದು ತೀರ್ಮಾನವಾಗುತ್ತದೆ. ಮಲಗಿದ ಹಸು ಹಾಗಲ್ಲ. ಅದು ದಿನವೂ ಅಲ್ಲೇ ಇರುತ್ತದೆ, ಮನೆಯವರು ದಿನವೂ ನನ್ನ ಮುಖ ನೋಡುತ್ತಾರೆ. ದನದ ಡಾಕ್ಟ್ರಮ್ಮನ ಬಾಯಿ ಜೋರು ಎಂದು ನಮ್ಮ ಕಡೆ ಹೆಸರಿದೆ. ಅಂಥ ಮನೆಗಳಲ್ಲಿ ಮಾತ್ರ ಆ ಬಾಯಿಗೆ ಮಾತು ಸಿಗುವುದಿಲ್ಲ.

ಆ ಸಲ ಕರೆ ಬಂದದ್ದು ಶೆಟ್ಟಿಕೆರೆ ಕಡೆಯ ಒಂದು ತೋಟದ ಮನೆಯಿಂದ. ಗಂಡ ಹೆಂಡತಿ ಇಬ್ಬರೇ. ಗಂಡ ತೆಂಗಿನಕಾಯಿ ಕೀಳುವವನು. ತನ್ನ ಇಪ್ಪತ್ತು ಮರಗಳ ಜೊತೆಗೆ ಸುತ್ತಲಿನ ತೋಟಗಳ ಮರಗಳನ್ನೆಲ್ಲ ಹತ್ತುತ್ತಿದ್ದ. ನಲವತ್ತರ ಒಳಗಿನ ವಯಸ್ಸು, ಒಣಗಿದ ಮೈ, ಒಣಗದ ಬಾಯಿ. ಹೆಂಡತಿ ಹಸು ನೋಡಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ಮೂರನೇ ಸೂಲಿನ ಸೀಮೆ ಹಸು ಕರು ಹಾಕಿದ ಮರುದಿನವೇ ಕುಸಿದಿತ್ತು.

ನೋಡಿದ ಕೂಡಲೇ ಹಾಲುಜ್ವರ ಎಂದು ಗೊತ್ತಾಯಿತು. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗಿರುತ್ತದೆ. ಸುಣ್ಣದ ಅಂಶವೆಲ್ಲ ಹಾಲಿಗೆ ಇಳಿದು ರಕ್ತದಲ್ಲಿ ಕಡಿಮೆಯಾದಾಗ ಹಸುವಿನ ಮೈ ಸೋತುಹೋಗುತ್ತದೆ. ಕತ್ತಿನ ನರಕ್ಕೆ ಕ್ಯಾಲ್ಸಿಯಂ ಏರಿಸಿದರೆ ಬಹುಪಾಲು ಹಸುಗಳು ಬಾಟಲಿ ಮುಗಿಯುವಷ್ಟರಲ್ಲಿ ತೇಗಿ, ಸಗಣಿ ಹಾಕಿ, ಎದ್ದು ನಿಲ್ಲುತ್ತವೆ. ಇದು ತೇಗಿತು, ಸಗಣಿಯನ್ನೂ ಹಾಕಿತು, ಆದರೆ ಏಳಲಿಲ್ಲ. ನನ್ನನ್ನು ಕರೆಯುವ ಮುಂಚೆ ಒಂದು ಹಗಲು ಪೂರ್ತಿ ಅವರು ಮನೆಮದ್ದು ಮಾಡಿಕೊಂಡು ಕೂತಿದ್ದರು. ಅಷ್ಟು ಹೊತ್ತೂ ಹಸು ಕಲ್ಲುಚಪ್ಪಡಿಯ ಮೇಲೆ ಎಡಮಗ್ಗುಲಾಗಿ ಬಿದ್ದಿತ್ತು. ತನ್ನ ಭಾರಕ್ಕೆ ತನ್ನದೇ ಕಾಲು ಜಜ್ಜಿಹೋಗಿತ್ತು.

ಇನ್ನು ಉಳಿದದ್ದು ಒಂದು ಪರೀಕ್ಷೆ. ಕಾಲೇಜಿನಲ್ಲಿ ನಮ್ಮ ಶಸ್ತ್ರಚಿಕಿತ್ಸೆಯ ಮೇಷ್ಟ್ರು ಅದನ್ನು ಗಾಡಿಗೆ ಸಿಕ್ಕ ಬೀದಿನಾಯಿಗಳ ಮೇಲೆ ಹೇಳಿಕೊಟ್ಟಿದ್ದರು. ಸೊಂಟ ಬಿದ್ದ ನಾಯಿಯ ಹಿಂಗಾಲ ಬೆರಳನ್ನು ಚಿಮ್ಮಟದಲ್ಲಿ ಗಟ್ಟಿಯಾಗಿ ಒತ್ತುವುದು. ಕಾಲು ಸರಕ್ಕನೆ ಎಳೆದುಕೊಳ್ಳುತ್ತದೆ. ಹುಡುಗರೆಲ್ಲ "ಬಂತು ಸಾರ್" ಎಂದು ಕೂಗುತ್ತಾರೆ. ಮೇಷ್ಟ್ರು ಸಿಡುಕುತ್ತಿದ್ದರು: "ಕಾಲನ್ನ ನೋಡಬೇಡ್ರಯ್ಯಾ, ಮುಖ ನೋಡಿ." ಬೆನ್ನುಹುರಿ ಪೂರ್ತಿ ತುಂಡಾಗಿದ್ದರೂ ಕೆಳಗಿನ ತುಂಡು ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತದೆ, ಚಿವುಟಿದರೆ ಕಾಲನ್ನು ಎಳೆಯುತ್ತದೆ. ನಾಯಿಗೆ ಅದು ಗೊತ್ತೇ ಇರುವುದಿಲ್ಲ. ನಾಯಿ ತಿರುಗಿ ನೋಡಿತೇ, ಕುಂಯ್ ಎಂದಿತೇ, ಕಚ್ಚಲು ಬಂತೇ, ಆಗ ಆಸೆ ಇಟ್ಟುಕೊಳ್ಳಬಹುದು. ಕಾಲು ಎಳೆದುಕೊಂಡು ಮುಖ ಸುಮ್ಮನೆ ಎದುರಿಗೆ ಹಿಡಿದ ಬಿಸ್ಕತ್ತಿನ ಕಡೆ ನೋಡುತ್ತಿದ್ದರೆ ಆ ಕಾಲು ಇನ್ನು ಆ ನಾಯಿಯದಲ್ಲ.

ಹೆಂಡತಿ ಒಳಗೆ ನೀರು ಕಾಯಿಸುತ್ತಿದ್ದಳು. ಹಸುವಿನ ತಲೆ ಹಿಡಿಯಲು ಗಂಡನನ್ನು ಕೂರಿಸಿದೆ. "ನೋಡಪ್ಪ, ನಾನು ಹಿಂದೆ ಗೊರಸಿನ ಸಂದಿಯಲ್ಲಿ ಒತ್ತುತ್ತೀನಿ. ನೀನು ಕಾಲು ನೋಡಬೇಡ, ಮುಖ ನೋಡು" ಎಂದೆ. ಯಾಕೆ ಎಂದು ಕೇಳಿದ. ಮೇಷ್ಟ್ರು ನನಗೆ ಹೇಳಿದ್ದನ್ನು ನಾನು ಅವನಿಗೆ ಪೂರ್ತಿಯಾಗಿ ಹೇಳಿದೆ. ಪಾಠ ಮಾಡುವ ಚಪಲ ನನಗೆ ಮೊದಲಿನಿಂದಲೂ ಇದೆ. ಒತ್ತಿದೆ. ಹಸು ಅಂಬಾ ಎಂದು ತಲೆ ಒದರಿತು, ಅವನು ಅಂಗಾತ ಬಿದ್ದ.

"ಗೊತ್ತಾಯ್ತು ಕಣ್ರಮ್ಮ ಅದ್ಕೆ! ನನ್ನೇ ತಿವಿಯಕ್ ಬಂತು!" ಎಂದು ಬಿದ್ದಲ್ಲೇ ನಗತೊಡಗಿದ.

ಆಮೇಲಿನದು ಔಷಧಿಯ ಕೆಲಸವಲ್ಲ, ಆಳಿನ ಕೆಲಸ. ಹಸುವನ್ನು ಚಪ್ಪಡಿಯಿಂದ ಎಳೆದು, ನಾರಿನ ಫ್ಯಾಕ್ಟರಿಯಿಂದ ತೆಂಗಿನ ನಾರಿನ ಪುಡಿ ತರಿಸಿ ಮೊಣಕಾಲುದ್ದ ಹಾಸಿದೆವು. ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಹೇಳಿದೆ. ಎಲ್ಲ ಮನೆಯಲ್ಲೂ ಹೇಳುತ್ತೇನೆ, ಎಲ್ಲರೂ ತಲೆ ಆಡಿಸುತ್ತಾರೆ, ಎರಡನೇ ದಿನಕ್ಕೆ ಮರೆಯುತ್ತಾರೆ. ಇವನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟ. ಎಡಕ್ಕೆ ಒಂದು ಎ, ಬಲಕ್ಕೆ ಒಂದು ಬ. ಗೋಡೆಯ ತುಂಬ ಎ ಬ ಎ ಬ ಎಂದು ಸಾಲು ಬೆಳೆಯಿತು. ದಿನಕ್ಕೆರಡು ಸಲ ಅಕ್ಕಪಕ್ಕದವರನ್ನು ಕರೆದು, ಗೋಣಿಚೀಲದ ಪಟ್ಟಿಯನ್ನು ಹೊಟ್ಟೆಯಡಿ ತೂರಿಸಿ, ಅಡ್ಡತೊಲೆಗೆ ಹಗ್ಗ ಹಾಕಿ ಹಸುವನ್ನು ಎತ್ತಿ ನಿಲ್ಲಿಸುತ್ತಿದ್ದ. ನಾಲ್ಕನೇ ದಿನ ಅದು ಮೇವು ಬಿಟ್ಟಿತು. ಆರನೇ ದಿನ ನಾನು ಕೈ ಚೆಲ್ಲಿದೆ. "ಬುಡಿ ನೀವು, ನಾನ್ ಬುಡಾಕಿಲ್ಲ" ಎಂದ. ಒಂಬತ್ತನೇ ದಿನ ಬೆಳಿಗ್ಗೆ ಹಸು ನಡುಗುತ್ತ ತಾನಾಗಿ ಎದ್ದು ನಿಂತು ನನ್ನ ಬ್ಯಾಗಿನ ಪಟ್ಟಿ ನೆಕ್ಕಿತು. ಎಬ್ಬಿಸಿದ್ದು ಅವನು. ಊರಲ್ಲಿ ಹೆಸರು ಬಂದದ್ದು ನನಗೆ.

ಎರಡು ತಿಂಗಳಾದ ಮೇಲೆ ಅವನು ಮರದಿಂದ ಬಿದ್ದ.

ಡೈರಿಯ ಹತ್ತಿರ ಸಿಕ್ಕವರು ಹೇಳಿದರು. ಸುಳಿ ಮುಟ್ಟುವ ಮೊದಲು ಆಸರೆಗೆ ಹಿಡಿದ ಹಸಿರು ಗರಿ ಬುಡದಲ್ಲಿ ಹುಳು ತಿಂದು ಕೊಳೆತಿತ್ತಂತೆ, ಗರಿಯ ಸಮೇತ ಕೆಳಗೆ ಬಂದನಂತೆ. ದೂರದ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿಗೆ ಕಂಬಿ ಹಾಕಿದ್ದರು. ನೋಡಲು ಹೋಗಬೇಕು ಎಂದುಕೊಂಡೆ. ಅಷ್ಟರಲ್ಲಿ ಕಾಲುಬಾಯಿ ಜ್ವರದ ಲಸಿಕೆ ಶುರುವಾಯಿತು, ಊರೂರು ಅಲೆದು ಬರುವಷ್ಟರಲ್ಲಿ ಹೋಗುವುದು ತಪ್ಪಿಹೋಯಿತು. ಒಂದು ತಿಂಗಳ ಮೇಲೆ ಅವನ ಹೆಂಡತಿಯೇ ಫೋನ್ ಮಾಡಿದಳು. ಹಸುವಿಗೇನೋ ಆಗಿದೆ ಎಂದುಕೊಂಡೇ ಎತ್ತಿದೆ.

"ಡಾಕ್ಟ್ರಮ್ಮ, ಒಂದ್ ಸಲ ಬಂದೋಗಿ. ಹಸ ಸೆಂದಾಗೈತೆ. ನಮ್ಮೋರ್‍ನ ನೋಡ್ಬೇಕಿತ್ತು."

"ನಾನು ನೋಡಿ ಏನಮ್ಮ ಮಾಡಲಿ? ನಾನು ದನದ ಡಾಕ್ಟರು."

"ಹಸ ಎಬ್ಬಿಸ್ದೋರು ನೀವಲ್ವ್ರಾ? ಕಾಲು ಬರ್ತಾ ಐತೆ ಕಣ್ರಮ್ಮ. ಚಿವುಟಿದ್ರೆ ಎಳ್ಕಂತಾರೆ. ಇನ್ನೊಂಚೂರು ಏನಾರ ಮಾಡಿದ್ರೆ ಎದ್ಬುಡ್ತಾರೆ."

'ಚಿವುಟಿದ್ರೆ ಎಳ್ಕಂತಾರೆ' ಎಂದಾಗಲೇ ಮೇಷ್ಟ್ರ ನಾಯಿಗಳು ನೆನಪಾಗಿ ನನಗೆ ಹೆದರಿಕೆಯಾಯಿತು. ಆದರೂ ಹೋದೆ.

ನಡುಮನೆಯಲ್ಲಿ ಕಬ್ಬಿಣದ ಮಂಚ. ಅವನು ಅಂಗಾತ ಮಲಗಿದ್ದ, ಎದೆಯವರೆಗೆ ಹೊದಿಕೆ, ಪಕ್ಕದಲ್ಲಿ ಮೂತ್ರದ ಚೀಲ. ನನ್ನನ್ನು ಕಂಡು ನಕ್ಕ. "ಹಗ್ಗ ತಂದಿದೀರಾ? ತೊಲೆ ಗಟ್ಟಿ ಐತೆ" ಎಂದ. ಹೆಂಡತಿ ಆಸೆಯಿಂದ ಹೊದಿಕೆ ಸರಿಸಿ ಹೆಬ್ಬೆರಳನ್ನು ಚಿವುಟಿದಳು. ಕಾಲು ಮಂಡಿಯಲ್ಲಿ ಮಡಚಿಕೊಂಡಿತು. "ಅಯ್ಯೋ! ಮೆತ್ತುಗೇ!" ಎಂದು ಅವನು ಮುಖ ಕಿವುಚಿದ. ಅವಳು ನನ್ನ ಕಡೆ ತಿರುಗಿದಾಗ ಅವಳ ಮುಖದಲ್ಲಿದ್ದ ಬೆಳಕನ್ನು ನೋಡಿ ನಾನೂ ಹಿಗ್ಗಿದೆ. ಮುಖ ಕಿವುಚಿದನಲ್ಲ, ಗೊತ್ತಾಯಿತಲ್ಲ! ಫೋನಿನಲ್ಲಿ ನಾನು ಹೆದರಿದ್ದು ಸುಳ್ಳಾಯಿತು ಎಂದು ಒಂದು ಗಳಿಗೆ ನಿಜವಾಗಿಯೂ ಸಂತೋಷಪಟ್ಟೆ.

ಆ ಸಂತೋಷವನ್ನು ನನ್ನ ಮೂಗು ಸಹಿಸಲಿಲ್ಲ. ಮಲಗಿದ ದನದ ಮೈಯಲ್ಲಿ ಒತ್ತಿ ಕೊಳೆತ ಗಾಯಕ್ಕೆ ಒಂದು ವಾಸನೆ ಇರುತ್ತದೆ. ಫಿನಾಯಿಲ್, ಊದುಬತ್ತಿ ಎರಡನ್ನೂ ಮೀರಿ ಅದು ಬರುತ್ತಿತ್ತು. "ಇವರನ್ನ ಒಂದು ಚೂರು ಮಗ್ಗುಲು ಮಾಡಮ್ಮ" ಎಂದೆ. ಅವಳು ಗಾಬರಿಯಾದಳು. "ಬ್ಯಾಡ್ರಮ್ಮ. ಅಲ್ಲಾಡಿಸ್‌ಬ್ಯಾಡಿ ಅಂದವ್ರೆ." ಯಾರು ಅಂದರು ಎಂದು ಕೇಳಿದರೆ, ಮರದಿಂದ ಬಿದ್ದ ದಿನ ಆಂಬುಲೆನ್ಸಿನವನು ಹೇಳಿದ್ದನಂತೆ. ಅವತ್ತಿಗೆ ಅದು ಸರಿಯಾದ ಮಾತೇ. ಮನೆಗೆ ಬಂದ ಮೇಲೂ ಅವಳು ಅದನ್ನು ವ್ರತದಂತೆ ಪಾಲಿಸಿಕೊಂಡು ಬಂದಿದ್ದಳು. ಮೂತ್ರದ ಪೈಪ್ ಬದಲಾಯಿಸಲು ಆಸ್ಪತ್ರೆಗೆ ಹೊತ್ತು ತಂದದ್ದು ಬಿಟ್ಟರೆ ಅವನನ್ನು ಇಟ್ಟ ಜಾಗದಿಂದ ಒಂದು ಅಂಗುಲ ಸರಿಸಿರಲಿಲ್ಲ.

ಇಬ್ಬರೂ ಹಿಡಿದು ಮಗ್ಗುಲು ಮಾಡಿದೆವು. ಬೆನ್ನು ಮುಗಿಯುವ ಜಾಗದಲ್ಲಿ ಅಂಗೈಯಗಲ ಗಾಯ, ನಡುವೆ ಕಪ್ಪು. ನನಗೆ ಸಿಟ್ಟು ನೆತ್ತಿಗೇರಿತು. "ಹಸೂಗೆ ಮೂರು ಗಂಟೆಗೊಮ್ಮೆ ಮಗ್ಗುಲು ಹಾಕಿದ್ರಲ್ಲ, ಮನುಷ್ಯನಿಗೆ ಹಾಕಬೇಕು ಅಂತ ಗೊತ್ತಾಗಲಿಲ್ಲವಾ?" ಎಂದು ಕಿರುಚಿದೆ.

ಅವಳು ನನ್ನನ್ನೇ ನೋಡಿದಳು. "ಹಸೀಗೆ ನೀವು ಹೇಳಿದ್ರಿ. ಇವ್ರಿಗೆ ಯಾರೂ ಹೇಳ್ನಿಲ್ಲ" ಎಂದಳು.

ಆಸ್ಪತ್ರೆಯ ಕಡತ ತೆಗೆಸಿದೆ. ಬಿಡುಗಡೆ ಚೀಟಿಯ ಮೂರನೇ ಹಾಳೆಯ ಕೆಳಗೆ, ಇಂಗ್ಲಿಷಿನಲ್ಲಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಬರೆದಿತ್ತು. ಬರೆದವರ ಲೆಕ್ಕದಲ್ಲಿ ಹೇಳಿದ್ದಾಗಿತ್ತು. ಮೊದಲ ಹಾಳೆಯಲ್ಲಿ ಇನ್ನೊಂದು ಸಾಲಿತ್ತು. ಹೊಕ್ಕುಳಿಂದ ಕೆಳಗೆ ಶಕ್ತಿ ಇಲ್ಲ, ಸ್ಪರ್ಶ ಇಲ್ಲ, ಬೆನ್ನುಹುರಿಯ ಹಾನಿ ಪೂರ್ಣ ಎಂದು. ನಾನು ಆ ಸಾಲನ್ನು ಎರಡು ಸಲ ಓದಿದೆ. ಆದರೆ ಈಗ ತಾನೇ ಅಯ್ಯೋ ಎಂದನಲ್ಲ! ಒಂದು ತಿಂಗಳಲ್ಲಿ ಏನಾದರೂ ಬಂದಿರಬಹುದು, ಬರಬಾರದು ಎಂದೇನಿಲ್ಲ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡು ಕಡತ ಮುಚ್ಚಿದೆ.

ಮನುಷ್ಯರಿಗೆ ಮದ್ದು ಕೊಡುವ ಹಕ್ಕು ನನಗಿಲ್ಲ. ಮಗ್ಗುಲು ಬದಲಿಸುವುದನ್ನು ಹೇಳಲು ಯಾವ ಹಕ್ಕೂ ಬೇಡ. ಮಂಡಿಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಸುತ್ತಿದ ಕಂಬಳಿ, ಬೆನ್ನಿಗೆ ಆಸರೆ. ಎರಡು ಗಂಟೆ ಎಡ, ಎರಡು ಗಂಟೆ ಬಲ. ಅವಳು ಎದ್ದು ಹೋಗಿ ಒಲೆಯಿಂದ ಇದ್ದಿಲು ತಂದು ಮಂಚದ ಪಕ್ಕದ ಗೋಡೆಗೆ ಎ ಎಂದು ಬರೆದಳು.

"ನನ್ನೂ ಕೊಟ್ಟಿಗೆಗೆ ಹಾಕ್ಬುಟ್ಳು" ಎಂದು ಅವನು ನಕ್ಕ.

ಮರುದಿನ ನಮ್ಮ ಸರ್ಕಾರಿ ಆಸ್ಪತ್ರೆಯ ಡಾಕ್ಟರ ಹತ್ತಿರ ಹೋದೆ. ಅವರು ಒಳ್ಳೆಯ ಮನುಷ್ಯ, ಎದುರಿಗೆ ಯಾವಾಗಲೂ ರೋಗಿಗಳ ಒಂದು ಸಂತೆ ಇರುತ್ತದೆ. ಗಾಯದ ವಿಷಯ ಕೇಳಿ, ಮನೆಗೇ ಹೋಗಿ ಗಾಯ ಕಟ್ಟಲು ನರ್ಸನ್ನು ಕಳಿಸುವುದಾಗಿ ಹೇಳಿದರು. ಹಾಗೆಯೇ ಕಳಿಸಿದರು.

"ಆದರೆ ಮೇಡಂ, ಅವನಿಗೆ ಸ್ಪರ್ಶ ಬರ್ತಾ ಇದೆ" ಎಂದರು. "ಮೊನ್ನೆ ಪೈಪ್ ಬದಲಾಯಿಸೋಕೆ ಕರ್ಕೊಂಡು ಬಂದಿದ್ರು. ಕಾಲು ಮುಟ್ಟಿ ನೋಯುತ್ತಾ ಅಂತ ಕೇಳಿದೆ, ಹ್ಞೂ ಸಾರ್ ಅಂದ. ಶಾಖ ಕೊಡ್ತಾ ಇದೀವಿ ಅಂದ್ರು, ಕೊಡಿ ಅಂದೆ. ನಿಮ್ಮ ರೋಗಿಗಳ ಹಾಗಲ್ಲ ನೋಡಿ, ನಮ್ಮವು ಬಾಯಿ ಬಿಟ್ಟು ಹೇಳ್ತಾವೆ."

ಹೌದು, ಎಂದು ನಾನೂ ಒಪ್ಪಿಕೊಂಡು ಬಂದೆ. ಮಾತು ಬರುವ ರೋಗಿ ಸಿಕ್ಕರೆ ಎಷ್ಟು ಸುಲಭ ಎಂದು ಅಸೂಯೆಯೂ ಆಯಿತು.

ವಾರದ ಮೇಲೆ ಆ ಕಡೆ ಹೋದಾಗ ಮತ್ತೆ ಆ ಮನೆ ಹೊಕ್ಕೆ. ಗೋಡೆಯ ಮೇಲೆ ಎ ಬ ಗಳು ಮೂರು ಸಾಲಾಗಿದ್ದವು. ಗಾಯ ಮೊದಲಿಗಿಂತ ಆಳಕ್ಕೆ ಇಳಿದಿರಲಿಲ್ಲ, ಅಂಚು ಕೆಂಪಾಗಿತ್ತು. ಪಕ್ಕದ ತೋಟದ ಇಬ್ಬರು ಹೆಂಗಸರು ಕಾಲು ಆಡುವುದನ್ನು ನೋಡಲು ಬಂದಿದ್ದರು. ಹೆಂಡತಿ ಚಿವುಟಲು ಕೈ ನೀಡಿದಳು. ಅಷ್ಟರಲ್ಲಿ ಕಾಲಬುಡದಲ್ಲಿ ಮಲಗಿದ್ದ ಬೆಕ್ಕು ಎದ್ದು ಅಡ್ಡ ಬಂತು, ಅವಳ ಕೈ ಅದರ ಬೆನ್ನ ಮೇಲೆ ಬಿತ್ತು.

"ಅಯ್ಯೋ! ಮೆತ್ತುಗೇ!" ಎಂದು ಅವನು ಮುಖ ಕಿವುಚಿದ.

ಅವಳ ಕೈ ಇನ್ನೂ ಬೆಕ್ಕಿನ ಬೆನ್ನ ಮೇಲಿತ್ತು, ಕಾಲನ್ನು ಮುಟ್ಟಿಯೇ ಇರಲಿಲ್ಲ. ಬಂದ ಹೆಂಗಸರು ಕಾಲನ್ನೇ ನೋಡುತ್ತಿದ್ದರು, ಅವಳು ಬೆಕ್ಕನ್ನು ಓಡಿಸುತ್ತಿದ್ದಳು. ಮುಖ ನೋಡುತ್ತಿದ್ದವಳು ನಾನೊಬ್ಬಳೇ. ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿ ಹಾಗೇ ನಿಂತುಬಿಟ್ಟಿತು.

ಅವಳು ಡೈರಿಗೆ ಹೋಗುವ ತನಕ ಕಾದೆ. ಆಮೇಲೆ ಮಂಚದ ಪಕ್ಕ ಕೂತು, "ಯಾವಾಗಿನಿಂದ?" ಎಂದೆ.

"ಮೊದ್ಲಿಂದ್ಲೂ" ಎಂದ. "ನಂಗೊತ್ತು ಕಣ್ರಮ್ಮ. ಹಸೀನ ತಲೆ ಹಿಡ್ಕಂಡು ಕೂತಿರ್‍ಲಿಲ್ವಾ ನಾನು? ಕಾಲ್ ನೋಡ್‌ಬ್ಯಾಡ ಮುಖ ನೋಡು ಅಂತ ನೀವೇ ಹೇಳಿದ್ರಿ. ಆಸ್ಪತ್ರೇಲಿ ಒಂದಿನ ಇವ್ಳು ಚಿವುಟಿದ್ಲು, ಕಾಲು ಎಳ್ಕಂತು. ನಂಗೇನೂ ಗೊತ್ತಾಗ್ನಿಲ್ಲ. ಕತೆ ಮುಗೀತು ಅಂದ್ಕಂಡೆ. ಅಷ್ಟ್ರಲ್ಲಿ ಇವ್ಳು ನನ್ ಕಡೆ ತಿರ್ಗಿದ್ಲು. ಏನ್ ಮಾಡ್ಲಿ? ಅಯ್ಯೋ ಅಂದೆ. ನಕ್ಬುಟ್ಳು. ಬಿದ್ದಾಗಿಂದ ಅವ್ಳು ನಕ್ಕಿದ್ದು ಅದೇ ಮೊದ್ಲು."

ನಾಯಿಗೆ ಬಾರದ ವಿದ್ಯೆ ಇದು. ಹಸುವಿಗೆ ಬಾರದ್ದು. ನಾನು ನನ್ನ ಬಾಯಿಯಾರೆ ಕಲಿಸಿಕೊಟ್ಟ ಪರೀಕ್ಷೆಯಲ್ಲಿ ಅವನು ನನ್ನನ್ನೇ ಗೆದ್ದಿದ್ದ. ಡಾಕ್ಟರನ್ನೂ ಗೆದ್ದಿದ್ದ. ಕೇಳುವವರು ಬಾಯನ್ನು ನಂಬುತ್ತಾರೆ, ನೋಡುವುದನ್ನು ಬಿಡುತ್ತಾರೆ. ಕಣ್ಣು ಮುಚ್ಚಿಸಿ ಒಂದು ಸಲ ಚಿವುಟಿದ್ದರೆ ಎಲ್ಲ ತಿಳಿಯುತ್ತಿತ್ತು. ನಾನೂ ಮಾಡಿರಲಿಲ್ಲ.

ಹೊದಿಕೆ ಎತ್ತಿ ಕಾಲು ನೋಡಿದೆ. ಬಲ ಹಿಮ್ಮಡಿಯ ಮೇಲೆ ರೂಪಾಯಿಯಗಲದ ಬೊಬ್ಬೆ ಎದ್ದಿತ್ತು. ಉಪ್ಪು ಹುರಿದು ಗಂಟು ಕಟ್ಟಿ ಅವಳು ದಿನಾ ಶಾಖ ಕೊಡುತ್ತಿದ್ದಳು, ಬಿಸಿ ಸಾಕಾ ಎಂದು ಅವನನ್ನೇ ಕೇಳಿಕೊಂಡು.

"ಬಿಸಿ ಗೊತ್ತಾಗದ ಕಾಲಿಗೆ ಶಾಖ ಕೊಡಿಸಿಕೊಳ್ತೀಯಲ್ಲ, ಬೆಂದು ಹೋಗುತ್ತೆ ಕಣಯ್ಯಾ. ಹೇಳಿಬಿಡು ಅವಳಿಗೆ."

"ಹೇಳ್ತೀನಿ. ನೀವ್ ಮಾತ್ರ ಹೇಳ್‌ಬ್ಯಾಡಿ. ನಿಮ್ಗೆ ಕೈ ಮುಗೀತೀನಿ." ನಿಜವಾಗಿಯೂ ಕೈ ಮುಗಿದ. ಮರ ಹತ್ತಿ ದಡ್ಡುಗಟ್ಟಿದ ಅಂಗೈಗಳು ಆಗಲೇ ಮೆತ್ತಗಾಗತೊಡಗಿದ್ದವು.

ನಾನು ಒಪ್ಪಿಕೊಂಡೆ. ಹೊರಡುವಾಗ ಎದುರಾದ ಅವಳಿಗೆ, "ಬೊಬ್ಬೆ ಬಂದಿದೆ, ಚರ್ಮ ಸೂಕ್ಷ್ಮ ಆಗಿದೆ, ಶಾಖ ಸದ್ಯ ಬೇಡ" ಎಂದಷ್ಟೇ ಹೇಳಿದೆ. ಅರ್ಧ ನಿಜ. ಅವಳ ನಗುವನ್ನು ಕಿತ್ತುಕೊಳ್ಳುವ ಧೈರ್ಯ ನನಗೂ ಇರಲಿಲ್ಲ, ಅವನಿಗೆ ಕೊಟ್ಟ ಮಾತು ಎಂಬ ನೆಪ ಮಾತ್ರ ಇತ್ತು.

ಹತ್ತು ದಿನ ಹೋಗಲಿಲ್ಲ. ಹನ್ನೊಂದನೇ ದಿನ ಅವಳು ಫೋನಿಗೆ ಒಂದು ಫೋಟೋ ಕಳಿಸಿದಳು. 'ಇದು ಕೀವಾ ಅಮ್ಮ?' ಎಂದು ಕೇಳಿದ್ದಳು. ಎರಡೂ ಪಾದಗಳು ಬೆಂದಿದ್ದವು. ಅಂಗಾಲಿನ ಚರ್ಮ ಸುಲಿದು ಹಸಿಮಾಂಸ ಕಾಣುತ್ತಿತ್ತು. ಗಾಯದ ಮೇಲೆ ಬರೆ ಎಂಬ ಗಾದೆಯನ್ನು ನಾನು ಎಷ್ಟೋ ಸಲ ಸಲೀಸಾಗಿ ಬಳಸಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಆವತ್ತೇ.

ಗಾಡಿ ಹತ್ತುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಾನೇ ಕೊಡಿ ಅಂದಿದ್ದೆ ಶಾಖಾನ" ಎಂದರು. ಆಮೇಲೆ ಆಂಬುಲೆನ್ಸ್ ಕಳಿಸುತ್ತೇನೆ, ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಜ್ವರ ಇದ್ದರೆ ತಡ ಮಾಡುವುದು ಬೇಡ ಎಂದರು. ಮತ್ತೆ ಅವರೇ, "ನಿಮ್ಮವಕ್ಕೆ ಸುಳ್ಳು ಹೇಳೋಕೆ ಬರಲ್ಲ, ಪುಣ್ಯವಂತರು ನೀವು" ಎಂದರು.

ನಾನು ಹೋದಾಗ ಅವನ ಮೈ ಕೆಂಡವಾಗಿತ್ತು. ಹಣೆಗೆ ಒದ್ದೆ ಬಟ್ಟೆ ಹಾಕಿದ್ದರು. ಜ್ವರ ಎಲ್ಲಿಂದ ಬಂತೆಂದು ಹೇಳುವಂತಿರಲಿಲ್ಲ. ಬೆನ್ನ ಗಾಯದಿಂದಲೋ, ಮೂತ್ರದಿಂದಲೋ, ಪಾದಗಳಿಂದಲೋ. ಜೀವಕ್ಕೇ ಬರುವ ಜ್ವರ ಅದು ಎಂಬುದು ನನಗೆ ಗೊತ್ತಿತ್ತು. ಅವನು ನನ್ನ ಮುಖ ನೋಡಲಿಲ್ಲ. "ಹೇಳಲಿಲ್ಲವಾ?" ಎಂದು ಮೆಲ್ಲಗೆ ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ. ಶಾಖ ನಿಲ್ಲಿಸಿದ ಎರಡನೇ ದಿನಕ್ಕೆ ಅವಳು, ಕಾಲು ಮತ್ತೆ ತಣ್ಣಗಾಯ್ತಲ್ಲ ಎಂದು ಅತ್ತಳಂತೆ. ಕೊಡು, ಹಿತವಾಗಿರುತ್ತೆ ಎಂದು ತಾನೇ ಹೇಳಿದನಂತೆ.

ಇವನು ಇನ್ನು ಹೇಳುವವನಲ್ಲ. ದೊಡ್ಡ ಆಸ್ಪತ್ರೆಯಿಂದ ಉಳಿದು ಬಂದರೂ ಮತ್ತೆ ಅಯ್ಯೋ ಎನ್ನುತ್ತಾನೆ, ಅವಳು ಮತ್ತೆ ಉಪ್ಪು ಹುರಿಯುತ್ತಾಳೆ. ಕೊಟ್ಟ ಮಾತನ್ನು ಮುರಿಯುವುದೆಂದು ಅಲ್ಲೇ ತೀರ್ಮಾನಿಸಿದೆ. ಸುಲಭವಾಗಿ ಏನೂ ತೀರ್ಮಾನಿಸಲಿಲ್ಲ.

ಅವಳು ಕೊಟ್ಟಿಗೆಯಲ್ಲಿದ್ದಳು. ಆಂಬುಲೆನ್ಸ್ ಬರುವುದರೊಳಗೆ ಹಾಲು ಕರೆದು ಪಕ್ಕದವರ ಕೈಗೆ ಕೊಟ್ಟು ಹೊರಡಬೇಕಿತ್ತು. ಅದೇ ಹಸು. ಗೋಡೆಯ ಮೇಲೆ ಅದರ ಎ ಬ ಗಳು ಇನ್ನೂ ಅಳಿಸಿರಲಿಲ್ಲ. ನಾನು ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಮುಚ್ಚುಮರೆ ಇಲ್ಲದೆ ಹೇಳಿದೆ. ಕಾಲು ತಾನಾಗಿ ಎಳೆದುಕೊಳ್ಳುತ್ತದೆ, ಅವನಿಗೆ ಗೊತ್ತಾಗುವುದಿಲ್ಲ, ಬಿಸಿಯೂ ಗೊತ್ತಾಗುವುದಿಲ್ಲ, ಇನ್ನು ಗೊತ್ತಾಗುವ ಹಾಗೂ ಕಾಣುವುದಿಲ್ಲ ಎಂದೆ. ಹಾಲು ಹಿಂಡುವ ಸದ್ದು ನಿಲ್ಲಲಿಲ್ಲ.

"ಹಂಗಾರೆ ಅಯ್ಯೋ ಅಂತಾರಲ್ಲ?"

"ನಿನಗೋಸ್ಕರ ಕಣಮ್ಮ."

ಅವಳು ನಾಲ್ಕೂ ಮೊಲೆ ಬರಿದಾಗುವ ತನಕ ಹಿಂಡಿದಳು. ತಂಬಿಗೆಯನ್ನು ಪಕ್ಕಕ್ಕಿಟ್ಟು ಕೈ ತೊಳೆದಳು. ಆಮೇಲೆ ಕೇಳಿದಳು:

"ಹಸೀಗೆ ಎಂಗ್ ನೋಡಿದ್ರಿ ನೀವು?"

"ಹಿಂದೆ ಚಿವುಟಿ, ಮುಖ ನೋಡಿದೆವು. ಅವನೇ ತಲೆ ಹಿಡ್ಕೊಂಡಿದ್ದ."

"ನಂಗೆ ಹೇಳ್ನೇ ಇಲ್ಲ" ಎಂದಳು. ಯಾರನ್ನು ಕುರಿತು ಹೇಳಿದಳೋ, ನನ್ನನ್ನೋ ಅವನನ್ನೋ, ನಾನು ಕೇಳಲಿಲ್ಲ.

ಒಳಗೆ ಹೋದಳು, ನಾನು ಹಿಂದೆ ಹೋದೆ. ಅವನು ಬಲಮಗ್ಗುಲಾಗಿದ್ದ. ಅವಳು ಹಣೆಯ ಬಟ್ಟೆ ತೆಗೆದು, ನೀರಿನಲ್ಲಿ ಅದ್ದಿ ಹಿಂಡಿ, ಮತ್ತೆ ಹಾಕಿದಳು. ಈ ಸಲ ಕಣ್ಣಿನ ಮೇಲೆ ಬರುವಂತೆ ಹಾಕಿದಳು. "ಕಣ್ಣೂ ಉರೀತಿರ್‍ತಾವೆ, ಹಂಗೇ ಇರ್‍ಲಿ" ಎಂದಳು. ಕಾಲಬುಡಕ್ಕೆ ಬಂದಳು. ಬೆಂದ ಜಾಗವನ್ನು ತಪ್ಪಿಸಿ, ಹೆಬ್ಬೆರಳ ತುದಿಯನ್ನು ಎರಡು ಉಗುರುಗಳ ನಡುವೆ ಹಿಡಿದು, ತುಟಿ ಕಚ್ಚಿ ಒತ್ತಿದಳು. ಕಾಲು ಎಂದಿನಂತೆ ಸರಕ್ಕನೆ ಮಡಚಿಕೊಂಡಿತು. ಅವಳು ಅದರ ಕಡೆ ನೋಡಲಿಲ್ಲ.

"ಹಸ ಎಷ್ಟ್ ಕೊಡ್ತೇ ಇವತ್ತು?" ಎಂದು ಅವನು ಬಟ್ಟೆಯ ಕೆಳಗಿಂದ ಕೇಳಿದ.

"ಯಾವತ್ತಿನಷ್ಟೇ" ಎಂದಳು. ಇನ್ನೂ ಒತ್ತಿ ಹಿಡಿದೇ ಇದ್ದಳು.

"ಹಿಂಡಿ ಜಾಸ್ತಿ ಮಾಡೇ. ಗಬ್ಬ ನಿಲ್ಲೋ ಹೊತ್ಗೆ ಮೈ ತುಂಬ್ಕಬೇಕು ಅದು."

"ಹ್ಞೂ" ಎಂದು ಕೈ ಬಿಟ್ಟಳು. ಹೆಬ್ಬೆರಳ ಮೇಲೆ ಅವಳ ಉಗುರಿನ ಗುರುತು ಬಿಳಿಯಾಗಿ ಉಳಿದಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿದಳು, ಒರೆಸಿದರೆ ಹೋಗುವುದೋ ಎಂಬಂತೆ.

ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು. ಅವಳು ಗೋಡೆ ನೋಡಿದಳು. ಕೊನೆಯಲ್ಲಿ ಬ ಇತ್ತು. ಇದ್ದಿಲು ತೆಗೆದುಕೊಂಡು ಅದರ ಮುಂದೆ ಎ ಬರೆದಳು. ಬಟ್ಟೆ ತೆಗೆದು, ಅವನ ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟಳು.

"ಹೊತ್ತಾಯ್ತು. ಎಡಕ್ಕಾಗಿ."

"ಯಾಕೆ, ಇವತ್ತು ಚಿವುಟ್ನಿಲ್ವಾ?" ಎಂದು ಅವನು ಕೇಳಿದ.

"ಚಿವುಟಿದ್ದಾಯ್ತು" ಎಂದಳು.

ಅವಳು ಅವನನ್ನು ಎಡಮಗ್ಗುಲಿಗೆ ತಿರುಗಿಸಿದಳು, ಮಂಡಿಗಳ ನಡುವೆ ದಿಂಬಿಟ್ಟಳು. ಈಗ ಅವರಿಬ್ಬರ ಮುಖವೂ ನನಗೆ ಎದುರಾಗಿತ್ತು. ಇಷ್ಟು ವರ್ಷ ಕಂಡಕಂಡವರಿಗೆಲ್ಲ ಮುಖ ನೋಡಿ ಎಂದು ಪಾಠ ಹೇಳಿಕೊಂಡು ಬಂದ ನಾನು, ಆಂಬುಲೆನ್ಸ್ ಅಂಗಳಕ್ಕೆ ಬಂದು ನಿಲ್ಲುವ ತನಕ ಆ ಕಾಲುಗಳನ್ನೇ ನೋಡುತ್ತ ನಿಂತಿದ್ದೆ.